ಟಾಕಿ ಮೂಸಿದ ಕಾಕಾ

ಕಾಕಾನ ಮೂಗಿನ ತುದಿಯಲ್ಲಿ ಯಾವಾಗಲೂ ಕರಿ ಎಣ್ಣೆಯ ಒಂದು ಚುಕ್ಕೆ ಇರುತ್ತಿತ್ತು. ಗಾಡಿ ಬಂದರೆ ನಟ್ಟು ಬಿಚ್ಚುವ ಪಾನಾ ಹಿಡಿಯುವ ಮೊದಲು ಅವರು ಎಲ್ಲವನ್ನೂ ಮೂಸುತ್ತಿದ್ದರು: ಆಯಿಲ್ ಅದ್ದಿದ ಬೆರಳು, ಸುಟ್ಟ ವೈರು, ಡೀಸೆಲ್ ಟಾಕಿಯ ಮುಚ್ಚಳ. ಸಿಂದಗಿಯಲ್ಲಿ ತಗಡಿನ ಶೆಡ್ಡಿನ ಗ್ಯಾರೇಜು ಅವರದು. ಸುತ್ತಲಿನ ಡ್ರೈವರುಗಳಿಗೆಲ್ಲ ಅವರು ಕಾಕಾ. ಬಂದವರಿಗೆಲ್ಲ ಅವರದು ಒಂದೇ ಮಾತು: “ಮೊದ್ಲ ಖರೇ ಹೇಳು, ಆಮ್ಯಾಲ ಪಾನಾ ಹಿಡಿತೇನಿ.”

ನಾನು ಇಂಡಿ ಊರಿನವನು, ಪಿಕಪ್ಪಿನಲ್ಲಿ ಲಿಂಬೆಹಣ್ಣು ಸಾಗಿಸುವುದೇ ನನ್ನ ಅನ್ನ. ಈಗಿನ ಗಾಡಿಗಳಿಗೆ ಹೊಗೆ ಶುದ್ಧ ಮಾಡಲು ಯೂರಿಯಾ ದ್ರಾವಣ ಬೇಕು. ಅದಕ್ಕೆ ಬೇರೆ ಟಾಕಿ, ಚಳಿಗೆ ದ್ರಾವಣ ಹೆಪ್ಪುಗಟ್ಟದಂತೆ ಟಾಕಿಯೊಳಗೆ ಒಂದು ಹೀಟರು. ಒಂದು ಮುಂಜಾನೆ ಕನ್ನೊಳ್ಳಿಯಲ್ಲಿ ಹಣ್ಣು ಏರಿಸಿಕೊಂಡು ಹೊರಟಾಗ ಹಳದಿ ದೀಪ ಹತ್ತಿತು. ಗಾಡಿಯ ಓಟ ಇಳಿಯಿತು. ಇನ್ನಷ್ಟು ದೂರ ಹೋದರೆ ಎಂಜಿನ್ ಮತ್ತೆ ಚಾಲೂ ಆಗುವುದಿಲ್ಲ ಎಂದು ಮೀಟರೇ ಎಚ್ಚರಿಸಿತು. ತೆವಳುತ್ತ ಗ್ಯಾರೇಜಿಗೆ ಬಂದೆ. ಕಾಕಾ ತಾವೇ ಫೋನ್ ಮಾಡಿ ಹಣ್ಣನ್ನು ಬೇರೆ ಗಾಡಿಗೆ ಹಾಕಿಸಿದರು. ಆದರೆ ಮುಂದಿನ ಲೋಡಿಗೆ ನಾಳಿದ್ದಿನವರೆಗೆ ಮಾತ್ರ ಕಾಯುವುದಾಗಿ, ಆಮೇಲೆ ಬೇರೆ ಗಾಡಿ ಗೊತ್ತುಮಾಡುವುದಾಗಿ ತೋಟದವರು ಹೇಳಿದರು.

ಹೀಟರ್ ಕೆಟ್ಟಿದೆ ಎಂದು ಸ್ಕ್ಯಾನರ್ ತೋರಿಸಿತು. “ನಮ್ಮ ಬಿಸಲಾಗ ಹೀಟರ್ ಯಾಕ ಬೇಕ್ರಿ ಕಾಕಾ? ವೈರ್ ಕತ್ತರಿಸಿ, ಕಂಪ್ಯೂಟರಿಗೆ ಸುಳ್ಳ ಹೇಳೂ ಡಬ್ಬಿ ಕೂಡ್ರಿಸಿಬಿಡ್ರಿ” ಎಂದೆ.

“ಆ ಡಬ್ಬಿ ಹಾಕಿದ್ರ ಹೊಗಿ ಶುದ್ಧ ಆಗೂದ ನಿಲ್ಲತೈತಿ. ಆ ಹೊಗಿ ನಿನ್ನ ಹಿಂದ ಸೈಕಲ್ ಮ್ಯಾಲ ಬರವ್ರ ಎದಿಯಾಗ ಹೋಗತೈತಿ. ಆ ಕೆಲಸ ನಾ ಮಾಡಾಂಗಿಲ್ಲ. ಹೊಸಾದ ತರಿಸಿ ಹಾಕೇ ಕಳಸ್ತೇನಿ.”

ಟಾಕಿ ಇಳಿಸಿ ಬಿಚ್ಚಿದರು. ಹೀಟರಿನ ಮೈತುಂಬ ಬಿಳಿ ಹಕ್ಕಳೆ. ಕಾಕಾ ಟಾಕಿಯ ಬಾಯಿಗೆ ಮೂಗು ಒಡ್ಡಿ ಮೂಸಿದರು. ಆಮೇಲೆ ಕೇಳಿದರು: “ಯೂರಿಯಾ ಪೆಟ್ರೋಲ್ ಪಂಪಿನಾಗ ಹಾಕಿಸಿದ್ದೇನು?”

“ಹೌದ್ರಿ” ಎಂದೆ. ಹೇಳಿದ್ದು ಸುಳ್ಳು. ಹೊಲಕ್ಕೆ ತಂದ ಯೂರಿಯಾ ಗೊಬ್ಬರವನ್ನು ಬೋರಿನ ಸವಳು ನೀರಿನಲ್ಲಿ ಕದಡಿ ನಾನೇ ಸುರಿದಿದ್ದೆ. ಎರಡೂ ಯೂರಿಯಾನೇ ಅಲ್ಲವೇ ಎಂಬ ಅತಿಜಾಣತನ ನನ್ನದು.

ಕಾಕಾ ಎದ್ದು ಹೀಟರನ್ನು ಬಟ್ಟೆಯಲ್ಲಿ ಸುತ್ತಿದರು. “ನಡಿ, ಪಂಪಿನವನ್ನ ಕೇಳೂಣು. ಇನ್ನ ಎಷ್ಟ ಮಂದಿ ಗಾಡಿ ಕೆಡಸ್ಯಾನೋ.”

ಅವರ ಬೈಕಿನ ಹಿಂದೆ ಕೂತೆ. ಪಂಪಿನವನು ನಗುತ್ತ, “ಬರ್ರಿ ಕಾಕಾ, ಚಾ ಹೇಳತೇನಿ” ಎಂದು ಒಳಗೆ ಹೋದ. ಕಾಕಾ ಬಟ್ಟೆ ಬಿಚ್ಚತೊಡಗಿದರು. ನಾನು ಅವರ ಕೈ ಹಿಡಿದೆ.

“ನಾನೇ ಹಾಕೇನ್ರಿ. ಹೊಲದ ಯೂರಿಯಾ.”

ಕಾಕಾ ಬಟ್ಟೆಯನ್ನು ಮತ್ತೆ ಸುತ್ತಿದರು. ಪಂಪಿನವನ ಜೊತೆ ಚಹಾ ಕುಡಿದು, ಅವನ ಮಗಳ ಪರೀಕ್ಷೆಯ ಬಗ್ಗೆ ಮಾತಾಡಿ ಹೊರಬಂದರು. ಬೈಕ್ ಹತ್ತುವಾಗ ಹೇಳಿದರು: “ಗೊಬ್ಬರದ ಯೂರಿಯಾಕ್ಕ ಬೇವಿನೆಣ್ಣಿ ಹಚ್ಚಿರ್ತಾರ. ಟಾಕಿ ತಗದಾಗನ ವಾಸನಿ ಬಂದಿತ್ತು.”

“ಗೊತ್ತಿದ್ರೂ ಇಲ್ಲೀತನಕ ಯಾಕ ಬಂದ್ರಿ?”

“ನೀ ಹೇಳ್ತಿ ಅನ್ನೂದೂ ಗೊತ್ತಿತ್ತು.”

ಅವತ್ತೆಲ್ಲ ಅವರು ಬ್ಯಾಟರಿಗೆ ಹಾಕುವ ಶುದ್ಧ ನೀರಿನಿಂದ ಟಾಕಿ ತೊಳೆದರು. ತೊಳೆಯುವುದು, ಮೂಸುವುದು, ಮತ್ತೆ ತೊಳೆಯುವುದು. ಸಾಕೆಂದರೂ ಬಿಡಲಿಲ್ಲ. ಮರುದಿನ ವಿಜಯಪುರದಿಂದ ಹೀಟರ್ ಬಂತು. ಹೊಸ ರಬ್ಬರ್ ರಿಂಗು ಕೂಡಿಸಿ, ಸೀಲ್ ಒಡೆಯದ ಕ್ಯಾನಿನಿಂದ ದ್ರಾವಣ ತುಂಬಿ, ನನ್ನ ಪಕ್ಕ ಕೂತು ಮೋರಟಗಿಯವರೆಗೆ ಬಂದರು. ಹಳದಿ ದೀಪ ಹತ್ತಲಿಲ್ಲ. ಅದರ ಮರುದಿನ ಹೊತ್ತಿಗೆ ಸರಿಯಾಗಿ ನಾನು ಕನ್ನೊಳ್ಳಿಯ ತೋಟದಲ್ಲಿದ್ದೆ. ಆ ತೋಟ ಇಂದಿಗೂ ನನ್ನ ಕೈಬಿಟ್ಟಿಲ್ಲ.

ಹೋದ ವರ್ಷ ಕಾಕಾ ತೀರಿಕೊಂಡರು. ಮಣ್ಣಿಗೆ ಹೋದಾಗ ಮುಖ ನೋಡಿದೆ. ಯಾರೋ ಮೂಗನ್ನು ಚೊಕ್ಕವಾಗಿ ಒರೆಸಿದ್ದರು. ಅದನ್ನು ನೋಡಿ ನನಗೆ ಅಳು ತಡೆಯಲಾಗಲಿಲ್ಲ.

ಪಂಪಿನವನೂ ಬಂದಿದ್ದ. ಅವನ ಪಕ್ಕ ಹೋಗಿ ನಿಂತು, ಆ ದಿನ ಬಟ್ಟೆಯಲ್ಲಿ ಏನಿತ್ತು, ಯಾರ ತಪ್ಪನ್ನು ಯಾರ ತಲೆಗೆ ಕಟ್ಟಲು ಹೊರಟಿದ್ದೆ ಎಂದು ಎಲ್ಲ ಹೇಳಿದೆ.

“ಕಾಕಾ ಒಂದ ದಿನಾನೂ ಹೇಳಲಿಲ್ಲಲ್ಲ” ಎಂದ ಅವನು.

“ಅದು ನಾನೇ ಹೇಳಬೇಕಿತ್ರಿ” ಎಂದೆ.