ಟ್ಯಾಂಕಿನ ಬಾಯಲ್ಲಿ ತೀರ್ಥಮ್ಮ

"ನಿನ್ನೆ ಯಾವ ಸಾರು?"

ಕಡೂರಿನ ಎಣ್ಣೆ ಮಿಲ್ಲೊಂದರ ಹಿತ್ತಲು. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೊಬ್ಬರಿ ಎಣ್ಣೆ ತುಂಬುವ ಕಬ್ಬಿಣದ ಟ್ಯಾಂಕಿನ ಬುಡದಲ್ಲಿ, ಒಬ್ಬರು ನುಸುಳುವಷ್ಟೇ ಅಗಲದ ಬಾಯಿಯ ಮುಂದೆ ತೀರ್ಥಮ್ಮ ಗೋಣಿಚೀಲ ಹಾಸಿಕೊಂಡು ಕೂತಿದ್ದಾರೆ. ಕೈಯಲ್ಲಿ ಹಗ್ಗ, ಅದರ ಇನ್ನೊಂದು ತುದಿ ಒಳಗಿರುವವರ ಸೊಂಟಕ್ಕೆ. ಪ್ರಶ್ನೆ ಕೇಳಿದ್ದು ಒಳಗಿನ ಕತ್ತಲೆಗೆ. ಅಲ್ಲಿಂದ ಮಾಸ್ಕಿನ ಹಿಂದಿನ ದನಿ ಬರುತ್ತದೆ: "ಹುರುಳಿಕಾಳಿಂದು."

ಒಳಗಿರುವವರು ಸುಲೋಚನಮ್ಮ. ತುಕ್ಕು ಕೆರೆದ ಗೋಡೆಗೆ ಎಪಾಕ್ಸಿ ಎಂಬ ಗಟ್ಟಿ ಬಣ್ಣ ಬಳಿಯುವುದು ಅವರ ಕೆಲಸ. ಎಣ್ಣೆಗೆ ಕಬ್ಬಿಣ ತಾಗದಂತೆ ಒಳಗೊಂದು ಪದರ ಕೂರಿಸಬೇಕು. ಬಿಸಿಲೇರಿದರೆ ಟ್ಯಾಂಕು ಬಾಣಲೆಯಂತೆ ಕಾಯುತ್ತದೆ, ಅದಕ್ಕೇ ಇವರ ದಿನ ಕೋಳಿ ಕೂಗುವಾಗಲೇ ಶುರು. ಬಣ್ಣದ ಘಾಟು ತಲೆಗೆ ಹತ್ತಿದರೆ ಮನುಷ್ಯ ಇದ್ದಲ್ಲೇ ಕುಸಿಯಬಹುದು. ಹಾಗಾಗಬಾರದೆಂದು ಹೊರಗೊಬ್ಬರು ಎಡೆಬಿಡದೆ ಮಾತಾಡಿಸುತ್ತಿರಬೇಕು. ಅದು ತೀರ್ಥಮ್ಮನ ಕೆಲಸ. ಮಿಲ್ಲಿನವರು ಇದನ್ನು "ಕೂತು ಹರಟೆ ಹೊಡೆಯೋ ಸಂಬಳ" ಎಂದು ಛೇಡಿಸುತ್ತಾರೆ. ಕೇಳಿ ನನಗೇ ಸಿಟ್ಟು ಬಂತು, ತೀರ್ಥಮ್ಮ ಮಾತ್ರ ತಿರುಗಿಯೂ ನೋಡಲಿಲ್ಲ.

ಇನ್ನೊಂದು ವಿಷಯವನ್ನು ಇಲ್ಲೇ ಹೇಳಿಬಿಡಬೇಕು. ಚೌಳಹಿರಿಯೂರಿನ ಈ ಇಬ್ಬರೂ ವಾರಗಿತ್ತಿಯರು. ಮತ್ತು ಇಬ್ಬರೂ ಮಾತು ಬಿಟ್ಟವರು.

ಮನೆ ಪಾಲಾದಾಗ ಬಚ್ಚಲಿನ ತಾಮ್ರದ ಹಂಡೆ ಯಾರಿಗೆ ಎಂಬಲ್ಲಿ ಹತ್ತಿದ ಜಗಳ. ಹಂಡೆಯನ್ನು ಆಗಲೇ ಮಾರಿ ಹಂಚಿಕೊಂಡದ್ದಾಯಿತು, ಜಗಳ ಉಳಿಯಿತು. ಅಂದಿನಿಂದ ಇಬ್ಬರೂ ಎಣ್ಣೆ ಸೀಗೆಕಾಯಿ. ಒಬ್ಬರು ನಲ್ಲಿಗೆ ಬಂದರೆ ಇನ್ನೊಬ್ಬರು ಕೊಡ ಎತ್ತಿಕೊಂಡು ಹೋಗುತ್ತಿದ್ದರಂತೆ. ಇದ್ಯಾವುದೂ ಗೊತ್ತಿಲ್ಲದ ಕಂಟ್ರಾಕ್ಟರ್ ರವಿಕುಮಾರ, ಒಂದೇ ಮನೆಯವರು ಹೊಂದಿಕೊಂಡು ಹೋಗುತ್ತಾರೆಂದು ಇಬ್ಬರನ್ನೂ ಜೋಡಿ ಮಾಡಿ ಕೆಲಸಕ್ಕಿಟ್ಟುಕೊಂಡ. ಊರು ಹೊಟ್ಟೆ ತುಂಬ ನಕ್ಕಿತು.

ಇಬ್ಬರೂ ಕೆಲಸ ಬಿಡಲಿಲ್ಲ, ಹಟವನ್ನೂ ಬಿಡಲಿಲ್ಲ. ಹೊರಗಿನಿಂದ ತೀರ್ಥಮ್ಮ ಸ್ಪ್ಯಾನರ್‌ನಲ್ಲಿ ಟಣ್ ಎಂದರೆ ಒಳಗಿನಿಂದ ಸುಲೋಚನಮ್ಮ ಟಣ್ ಎನ್ನುತ್ತಿದ್ದರು. ಇದನ್ನು ಕಂಡ ರವಿಕುಮಾರ ತಲೆ ಚಚ್ಚಿಕೊಂಡ. ತಲೆ ತಿರುಗುವಾಗಲೂ ಕೈ ಸುಮ್ಮನೆ ಬಡಿಯುತ್ತಿರಬಹುದು, ಹೂಂ ಎಂದರೂ ಸಾಲದು, ಯೋಚಿಸಿ ಉತ್ತರ ಹೇಳುವಂಥ ಪ್ರಶ್ನೆಯೇ ಬೇಕು ಎಂದು ಕಟ್ಟಪ್ಪಣೆ ಮಾಡಿದ. ಹೀಗೆ ಶುರುವಾಯಿತು ಸಾರಿನ ವಿಚಾರಣೆ. ಟ್ಯಾಂಕಿನಿಂದ ಆಚೆ ಬಂದರೆ ಮತ್ತೆ ಮೌನ.

ಕೆಲಸದ ಪುಸ್ತಕದಲ್ಲಿ ಬಣ್ಣದ ದೋಷಗಳಿಗಿರುವ ಇಂಗ್ಲಿಷ್ ಹೆಸರುಗಳೂ ಈ ಇಬ್ಬರ ಬಾಯಲ್ಲಿ ಅಡುಗೆಮನೆ ಸೇರಿವೆ. ಪದರ ಉಬ್ಬಿದರೆ ಹಪ್ಪಳ. ದಪ್ಪಗೆ ಬಳಿದದ್ದು ಜಾರಿದರೆ ಗಂಜಿ. ಕಣ್ಣಿಗೆ ಕಾಣದ ತೂತು ಸಾಸಿವೆ. ಕೊನೆಗೆ ತೂತು ಹುಡುಕುವ ಮೆಷಿನ್ನಿನ ಬ್ರಷ್ ಆಡಿಸುವಾಗ ಕೀಂ ಎಂದರೆ ಅಲ್ಲೊಂದು ಸಾಸಿವೆ ಇದೆಯೆಂದು ಅರ್ಥ, ಆ ಜಾಗವನ್ನು ಉಜ್ಜಿ ಮತ್ತೆ ಬಳಿಯಬೇಕು. ರವಿಕುಮಾರನೂ ಈಗ ಫೋನಿನಲ್ಲಿ "ಎಷ್ಟು ಸಾಸಿವೆ ಬಂತಮ್ಮಾ?" ಎಂದೇ ಕೇಳುತ್ತಾನೆ.

ಹೋದ ಬೇಸಿಗೆ ಅಜ್ಜಂಪುರದಲ್ಲೊಂದು ಟ್ಯಾಂಕು. ಒಳಗೆ ಗಾಳಿ ಊದುವ ಫ್ಯಾನು ಗುಂಯ್ಗುಡುತ್ತಲೇ ಇತ್ತು, ಆದರೆ ಹಿಂದುಗಡೆ ಅದರ ಪೈಪು ಕಳಚಿಕೊಂಡದ್ದು ಯಾರಿಗೂ ಕಾಣಲಿಲ್ಲ. ಸಂಜೆ ಏನು ಕೆಲಸ ಎಂದು ತೀರ್ಥಮ್ಮ ಕೇಳಿದರು. ದನಿ ಸ್ಪಷ್ಟವಾಗಿಯೇ ಬಂತು: "ಬೇಗ ಹೋಗ್ಬೇಕು. ಅತ್ತೆಗೆ ಮುದ್ದೆ ಮಾಡಿಕ್ಬೇಕು."

ಬೇರೆ ಯಾರೇ ಕೂತಿದ್ದರೂ ಸರಿಯಾದ ಉತ್ತರವೆಂದು ಸುಮ್ಮನಾಗುತ್ತಿದ್ದರು. ಆದರೆ ಆ ಅತ್ತೆ ತೀರ್ಥಮ್ಮನಿಗೂ ಅತ್ತೆ. ಅವರು ತೀರಿಕೊಂಡು ವರ್ಷಗಳೇ ಆಗಿದ್ದವು.

"ಘಾಟು ತಲೆಗೆ ಹತ್ತೈತೆ ಅಂತ ಗೊತ್ತಾಯ್ತು ಕಣ್ರೀ," ಎನ್ನುತ್ತಾರೆ ತೀರ್ಥಮ್ಮ. "ಒಳಕ್ಕೆ ನುಗ್ಗಿಬಿಡಾನ ಅನ್ನಿಸ್ತು. ನುಗ್ಗಂಗಿಲ್ಲ, ಅದೇ ರೂಲು. ನುಗ್ಗಿದ್ರೆ ಎಳೆಯೋರ್ಯಾರು? 'ಲೇ ಸುಲೋಚನಾ' ಅಂತ ಕೂಗ್ಕೊಂಡು ಹಗ್ಗ ಎಳೆದೆ."

ಕೂಗಿಗೆ ಓಡಿ ಬಂದ ಹಮಾಲಿಗಳೂ ಕೈಜೋಡಿಸಿದರು. ಗಾಳಿಗೆ ಮಲಗಿಸಿ, ಆಸ್ಪತ್ರೆಗೆ ಸಾಗಿಸಿದರು. ಸುಲೋಚನಮ್ಮ ಕಣ್ಣು ಬಿಟ್ಟಾಗ ತೀರ್ಥಮ್ಮ ಪಕ್ಕದಲ್ಲೇ ಇದ್ದರು. ಇಬ್ಬರೂ ಒಂದು ಮಾತೂ ಆಡಲಿಲ್ಲ.

ಈಗ ತರೀಕೆರೆಯಲ್ಲೊಂದು ದೊಡ್ಡ ಕೆಲಸ ಬಂದಿದೆ. ಟ್ಯಾಂಕಿನ ಬಾಯಲ್ಲಿ ಕೂರುವವರಿಗೆ ತರಬೇತಿಯ ಸರ್ಟಿಫಿಕೇಟ್ ಇರಲೇಬೇಕು, ಇಲ್ಲದಿದ್ದರೆ ತಮ್ಮ ಆಳನ್ನೇ ಕೂರಿಸುತ್ತೇವೆ ಎಂದು ಅಲ್ಲಿನವರ ಪಟ್ಟು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ತೀರ್ಥಮ್ಮನಿಗೆ ಪರೀಕ್ಷೆ ಎಂದರೆ ದಿಗಿಲು. ಪಾಸಾಗದಿದ್ದರೆ ಮನೆಗೆ ಹೋಗುವುದೇ ಸೈ ಎನ್ನುತ್ತಾರೆ. ಸುಲೋಚನಮ್ಮನದು ನನ್ನೊಂದಿಗೆ ಒಂದೇ ಮಾತು: "ಅವ್ಳು ಕೂರದ ಟ್ಯಾಂಕಿಗೆ ನಾನು ಇಳಿಯಾದಿಲ್ಲ. ಹಂಗಂತ ನಾನಂದೆ ಅಂತ ಅವ್ಳಿಗೆ ಹೇಳಬ್ಯಾಡಿ."

ನಾನು ಹೇಳದೆ ಇರಲಿಲ್ಲ. ತೀರ್ಥಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಪರೀಕ್ಷೆಯಲ್ಲಿ ಬರೆಯುವ ಬದಲು ಬಾಯಲ್ಲಿ ಕೇಳಿದರೆ ಹೇಳಿಬಿಡುತ್ತೇನೆ, ಅಷ್ಟು ಮಾಡಿಕೊಟ್ಟರೆ ಸಾಕು ಎಂದರು. ಇಷ್ಟೆಲ್ಲ ಇದ್ದೂ ಹೊರಗೆ ಯಾಕೆ ಮಾತಿಲ್ಲ ಎಂದು ಕೊನೆಗೆ ಕೇಳಿಯೇಬಿಟ್ಟೆ. ಅಷ್ಟರಲ್ಲಿ ಸುಲೋಚನಮ್ಮ ಟ್ಯಾಂಕಿನ ಬಾಯಿಂದ ತೆವಳಿ ಬಂದು, ಮಾಸ್ಕು ಕಿತ್ತು, ನಲ್ಲಿಯ ಕಡೆ ನಡೆದರು. ತೀರ್ಥಮ್ಮ ಹಗ್ಗ ಸುತ್ತುತ್ತಾ ಅತ್ತಲೇ ನೋಡಿದರು.

"ಈಗ ಕಣ್ಣಿಗೇ ಕಾಣ್ತಾಳಲ್ಲ, ಇನ್ನು ಮಾತ್ಯಾಕೆ?"