ತುಟಿ ಸೇರದ ಕೂಗು

ಆ ಮಧ್ಯಾಹ್ನ ಏನೇನು ಕೆಡಬಹುದು ಎಂಬುದನ್ನು ವ್ಯಾನಿನ ಬಾಗಿಲು ತೆಗೆಯುವ ಮೊದಲೇ ನಾನು ಯೋಚಿಸಿ ಮುಗಿಸಿದ್ದೆ. ಟೈರು ಸಿಡಿಯಬಹುದು. ಹೈವೇಯಲ್ಲಿ ದೈತ್ಯ ಟ್ರಕ್ಕೊಂದು ನಮ್ಮನ್ನು ಗಮನಿಸದೆ ಲೇನ್ ಬದಲಿಸಬಹುದು. ವ್ಯಾನಿನಲ್ಲಿ ಬರುವ ರೂಥ್ ಆಂಟಿ ಇಳಿಯುವಾಗ ಜಾರಿ ಸೊಂಟ ಮುರಿದುಕೊಳ್ಳಬಹುದು. ಲೀ ಅಂಕಲ್‌ಗೆ ಶುಗರ್ ಇಳಿದು ಸೀಟಿನಲ್ಲೇ ಒರಗಬಹುದು. ಅವರಿಗೆ ನಿದ್ದೆ ಬಂತೆಂದುಕೊಂಡು ನಾನು ರೇಡಿಯೋ ಸದ್ದು ತಗ್ಗಿಸಿ ಡ್ರೈವ್ ಮಾಡುತ್ತಲೇ ಇರಬಹುದು. ಪೊಲೀಸಿನವನು ನಿಲ್ಲಿಸಬಹುದು, ಲೈಸೆನ್ಸಿಗೆಂದು ನಾನು ಜೇಬಿಗೆ ಕೈ ಹಾಕಿದ್ದನ್ನು ಅವನು ಬೇರೇನೋ ಎಂದು ತಿಳಿಯಬಹುದು. ಡ್ರೈವರನ ಮುಖಕ್ಕೇ ತಿರುಗಿಸಿಟ್ಟಿರುವ ವ್ಯಾನಿನ ಕ್ಯಾಮೆರಾ ನನ್ನ ಗೊಣಗಾಟವನ್ನೆಲ್ಲ ಹಿಡಿದಿಟ್ಟು, ಆಫೀಸಿನವರೆಲ್ಲ ಕೂತು ಕೇಳಿ ನಗಬಹುದು. ಮಳೆ ಬರಬಹುದು. ಮಳೆ ಬಂದೀತೆಂದು ಕೊಡೆ ಇಟ್ಟುಕೊಂಡರೆ ಅದರ ಮೊನೆ ಯಾರ ಕಣ್ಣಿಗಾದರೂ ಚುಚ್ಚಬಹುದು.

ನನ್ನ ಹೆಂಡತಿ ಶೈಲಾ ಇದನ್ನು ‘ನಿಮ್ಮ ಸುಪ್ರಭಾತ’ ಎಂದು ಕರೆಯುತ್ತಾಳೆ.

ಇಷ್ಟು ಪುಕ್ಕಲನಾದವನು ದೆವ್ವ ಪಿಶಾಚಿಗಳನ್ನೂ ನಂಬುತ್ತಿದ್ದಿರಬೇಕು ಎಂದು ನೀವು ಊಹಿಸಿದರೆ ಅದು ತಪ್ಪು. ಟೆಕ್ಸಾಸಿನ ಹೈವೇಗಳು, ಕೊಲೆಸ್ಟರಾಲು, ವಯಸ್ಸಿಗೆ ಬಂದ ಮಗಳು ಕಾರು ಓಡಿಸುವುದು, ಹೀಗೆ ಕಣ್ಣಿಗೆ ಕಾಣುವ ಭಯಗಳೇ ಧಾರಾಳವಾಗಿರುವಾಗ ಕಾಣದಿರುವುದಕ್ಕೆ ಹೆದರಲು ನನಗೆ ಪುರಸೊತ್ತಿರಲಿಲ್ಲ. ಡಲ್ಲಾಸಿನ ಪಕ್ಕದ ಕಾಪೆಲ್‌ನ ನಮ್ಮ ಗೆಳೆಯರ ಮನೆಗಳಲ್ಲಿ ಊಟದ ನಂತರ ಯಾರಾದರೂ ‘ನಮ್ಮಜ್ಜಿ ತೀರಿಕೊಂಡ ದಿನ ಏನಾಯ್ತು ಗೊತ್ತಾ’ ಎಂದು ಶುರುಮಾಡಿದರೆ, ನಾನು ಇನ್ನಷ್ಟು ಮೊಸರನ್ನ ಹಾಕಿಕೊಳ್ಳಲು ಎದ್ದು ಹೋಗುತ್ತಿದ್ದೆ. ಈಗಲೂ ಏಳುತ್ತೇನೆ. ಆದರೆ ಬಾಗಿಲ ಹತ್ತಿರ ನಿಂತು ಕೇಳಿಸಿಕೊಳ್ಳುತ್ತೇನೆ.

ಆ ವ್ಯಾನಿನ ಡ್ರೈವರ್ ನಾನಾದದ್ದೇ ಒಂದು ತಪ್ಪಿನಿಂದ. ಲೈಬ್ರರಿಯ ಬೋರ್ಡಿನಲ್ಲಿ ಒಂದು ಚೀಟಿ ಅಂಟಿಸಿದ್ದರು: ನೇಟಿವ್ ಹಿರಿಯರನ್ನು ಊಟಕ್ಕೆ ಕರೆತರಲು ಡ್ರೈವರುಗಳು ಬೇಕು. ನಮ್ಮ ಬಾಯಲ್ಲಿ ನೇಟಿವ್ ಎಂದರೆ ಊರು. ‘ನಿಮ್ಮ ನೇಟಿವ್ ಯಾವುದು?’ ‘ನಮ್ಮದು ನಂಜನಗೂಡು.’ ಊರಿನಿಂದ ಬಂದು, ಮಕ್ಕಳು ಆಫೀಸಿಗೆ ಹೋದ ಮೇಲೆ ನಾಲ್ಕು ಗೋಡೆಗಳ ನಡುವೆ ಒದ್ದಾಡುವ ನಮ್ಮವರ ಅಪ್ಪ ಅಮ್ಮಂದಿರಿಗಾಗಿ ಯಾರೋ ಪುಣ್ಯಾತ್ಮರು ಇದನ್ನು ನಡೆಸುತ್ತಿದ್ದಾರೆಂದು ನನ್ನ ಎದೆ ತುಂಬಿ ಬಂತು. ಎಚ್ಚರಿಕೆಯ ಮನುಷ್ಯನಾದ್ದರಿಂದ ಫೋನ್ ಮಾಡಿ ಖಚಿತಪಡಿಸಿಕೊಂಡೆ.

“ಇಂಡಿಯನ್ ಹಿರಿಯರು ತಾನೆ?” ಎಂದು ಕೇಳಿದೆ.

“ಹೌದು, ಇಂಡಿಯನ್ ಹಿರಿಯರೇ,” ಎಂದಳು ಆ ಕಡೆಯಿಂದ ಡೆನಿಸ್ ಎಂಬಾಕೆ.

“ಯಾವ ಕಡೆಯವರು?”

“ಹೆಚ್ಚಿನವರು ಓಕ್ಲಹೋಮಾ ಕಡೆಯವರು.”

ಹೋಗಲಿ, ಮೊದಲು ಅಲ್ಲಿ ಕೆಲಸದಲ್ಲಿದ್ದು ಇಲ್ಲಿಗೆ ಶಿಫ್ಟ್ ಆದವರಿರಬೇಕು ಎಂದುಕೊಂಡೆ. ಫಾರ್ಮರ್ಸ್ ಬ್ರಾಂಚ್‌ನ ಆಫೀಸ್ ಕಟ್ಟಡಗಳ ನಡುವಿನ ಆ ಸಂಸ್ಥೆಗೆ ಮೊದಲ ದಿನ ನಾನು ಒಂದು ಡಬ್ಬ ಕೋಡುಬಳೆ ಹಿಡಿದುಕೊಂಡು ಹೋದೆ. ಒಳಗೆ ಕೂತಿದ್ದವರು ಈ ನೆಲದ ಮೂಲನಿವಾಸಿಗಳು. ಬೇರೆ ಬೇರೆ ಬುಡಕಟ್ಟುಗಳಿಂದ ನಗರಕ್ಕೆ ಬಂದು ನೆಲೆಸಿದ ಕುಟುಂಬಗಳಿಗೆ ಕ್ಲಿನಿಕ್ಕು, ಹಿರಿಯರಿಗೆ ಊಟ, ಮಕ್ಕಳಿಗೆ ಭಾಷೆಯ ಪಾಠ, ಇವೆಲ್ಲವನ್ನೂ ಆ ಸಂಸ್ಥೆ ನಡೆಸುತ್ತಿತ್ತು. ವ್ಯಾನು ಯಾವುದೋ ಬುಡಕಟ್ಟಿನ ಕಂಪನಿ ಕೊಡಿಸಿದ್ದು. ನಾನು ಪೆಚ್ಚಾಗಿ ನಿಂತಿದ್ದನ್ನು ನೋಡಿ ಕಾರಣ ತಿಳಿದ ಮೇಲೆ ಇಡೀ ಹಾಲು ನಕ್ಕಿತು. ಕೋಡುಬಳೆ ಮಾತ್ರ ಖಾಲಿಯಾಯಿತು. ವಾಪಸು ಹೋಗುತ್ತೇನೆಂದು ಹೇಳಲು ಸಂಕೋಚವಾಗಿ ಅಲ್ಲೇ ಉಳಿದೆ.

ಎಲ್ಲರಿಗಿಂತ ಜೋರಾಗಿ ನಕ್ಕವರು ರೂಥ್ ಆಂಟಿ. ಎಂಬತ್ತು ದಾಟಿದ ಹೆಂಗಸು. ಎರಡೂ ಕಿವಿಗೆ ಮಷಿನ್ನು. ನಾನು ಅಭ್ಯಾಸಬಲದಿಂದ ಆಂಟಿ ಎಂದಾಗ, “ಯಾರಿಗೋ ನಾನು ಆಂಟಿ?” ಎಂದು ಹುಬ್ಬೇರಿಸಿದರು. ಆಮೇಲೆ, “ನಮ್ಮಲ್ಲೂ ದೊಡ್ಡವರನ್ನ ಹಾಗೇ ಕರೆಯೋದು. ಸರಿ, ಕರಿ,” ಎಂದರು. ನನಗೆ ಅವರಿಟ್ಟ ಹೆಸರು ‘ಒರಿಜಿನಲ್’. “ಇಂಡಿಯಾಕ್ಕೆ ಹೊರಟ ಆ ಹಡಗಿನವನು ಹುಡುಕ್ತಾ ಇದ್ದದ್ದು ನಿಮ್ಮನ್ನಂತೆ. ನೀವು ಸಿಗಲಿಲ್ಲ, ಏಟು ನಮಗೆ ಬಿತ್ತು,” ಎನ್ನುತ್ತಿದ್ದರು. ಅವರ ಮಾತೆಲ್ಲ ಇಂಗ್ಲಿಷು; ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೆ.

ಮುದುಕಿ ಆದಿವಾಸಿ ಎಂದ ಕೂಡಲೇ ಮಂತ್ರ, ಮುನ್ಸೂಚನೆ ಎಂದು ನೀವು ಕಾಯುತ್ತಿದ್ದರೆ ಬಿಟ್ಟುಬಿಡಿ. ಕೆಲಸ ಕೊಡುತ್ತೇವೆಂದು ಸರ್ಕಾರ ಬಸ್ಸು ಹತ್ತಿಸಿ ನಗರಕ್ಕೆ ಕಳಿಸಿದ ಕಾಲದಲ್ಲಿ ಬಂದವರು, ನಿವೃತ್ತಿಯವರೆಗೂ ವಿಮಾನದ ಬಿಡಿಭಾಗಗಳ ಕಾರ್ಖಾನೆಯಲ್ಲಿ ದುಡಿದವರು, ಟೀವಿಯ ಆಟದ ಕಾರ್ಯಕ್ರಮ ತಪ್ಪಿದರೆ ಸಿಡುಕುವವರು. ಭಕ್ತಿಭಾವದ ಸ್ವಯಂಸೇವಕಿಯೊಬ್ಬಳು ಒಮ್ಮೆ, “ಗಾಳಿ ನಿಮಗೆ ಏನು ಹೇಳ್ತಿದೆ?” ಎಂದು ಕೇಳಿದಾಗ, “ಕಿಟಕಿ ಮುಚ್ಚು ಅಂತಿದೆ,” ಎಂದಿದ್ದರು. ಅವರ ಬುಡಕಟ್ಟಿನ ಹೆಸರು ಬರೆಯಬಾರದೆಂದು ನನಗೆ ಕಟ್ಟಪ್ಪಣೆಯಾಗಿದೆ. ಅದು ಸಣ್ಣದು, ಅವರ ಭಾಷೆಯನ್ನು ಮಾತಾಡುವವರು ಡಲ್ಲಾಸಿನ ಸುತ್ತ ಅವರೊಬ್ಬರೇ. ಶನಿವಾರದ ತರಗತಿಯಲ್ಲಿ ಮಕ್ಕಳು ಅವರ ಮಾತನ್ನು ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದರು. ನಮ್ಮ ಮನೆಯಲ್ಲೂ ಅದೇ ಕಥೆ ಎಂದಾಗ ಅವರಿಗೆ ಬಹಳ ಸಮಾಧಾನವಾಗಿತ್ತು. ಆ ತರಗತಿಗೆ ನಾನು ಎಂದೂ ಹೋದವನಲ್ಲ. ಆ ಭಾಷೆಯ ಒಂದು ಪದವೂ ನನಗೆ ಬರುತ್ತಿರಲಿಲ್ಲ. ಇದನ್ನು ದಯವಿಟ್ಟು ನೆನಪಿಡಿ.

ಆ ದಿನ ಊಟ ಮುಗಿಸಿ ಇಬ್ಬರನ್ನೇ ವಾಪಸು ಬಿಡಬೇಕಿತ್ತು. ರೂಥ್ ಆಂಟಿ ಮತ್ತು ಲೀ ಅಂಕಲ್ ಇಬ್ಬರೂ ಯೂಲೆಸ್‌ನವರು. ಲೀ ಅಂಕಲ್ ಬೇರೆ ಬುಡಕಟ್ಟಿನವರು, ಬಿಂಗೋ ಆಟದಲ್ಲಿ ಆಂಟಿಯ ವೈರಿ. ಅರ್ಧ ದಾರಿಗೆ ಬರುವಷ್ಟರಲ್ಲಿ ಆಕಾಶ ಹಸಿರಾಯಿತು. ಬಿರುಗಾಳಿಯ ಎಚ್ಚರಿಕೆ ಬಂದು ಮೂವರ ಫೋನುಗಳೂ ಒಟ್ಟಿಗೆ ಕಿರುಚಿದವು. ನಾನು ಹೈವೇ ಬಿಟ್ಟು ಇಳಿದು, ಮುಚ್ಚಿದ್ದ ಕಾರ್ ವಾಶ್ ಒಂದರ ಗೋಡೆಗೆ ಒತ್ತಿ ವ್ಯಾನು ನಿಲ್ಲಿಸಿದೆ.

ಆಲಿಕಲ್ಲು ಬೀಳಲಿಲ್ಲ, ಯಾರೋ ಗುರಿಯಿಟ್ಟು ಹೊಡೆದಂತೆ ಬಂತು. ಮೂಸಂಬಿ ಗಾತ್ರದ ಕಲ್ಲುಗಳು. ಮೊದಲ ಏಟಿಗೆ ಬಾನೆಟ್ಟು ತಗ್ಗಿತು, ಮುಂದಿನ ಗಾಜು ಜೇಡರ ಬಲೆಯಾಯಿತು. ಪಕ್ಕದ ಕಾರಿನ ಅಲಾರಾಂ ಬಡಿದುಕೊಂಡು ಒಮ್ಮೆಲೇ ಸತ್ತಿತು. ಹಿಂದಿನ ಗಾಜು ಒಡೆದು ಚೂರುಗಳು ಒಳಗೆ ಸಿಡಿದವು. ಲೀ ಅಂಕಲ್ ಹುಬ್ಬಿನಿಂದ ರಕ್ತ ಇಳಿದು ಬಿಳಿ ಅಂಗಿಯ ಕಾಲರು ಕೆಂಪಾಯಿತು. ಗಾಳಿ ವ್ಯಾನನ್ನು ಒಂದು ಕಡೆಯಿಂದ ಎತ್ತಿ ಕುಕ್ಕುತ್ತಿತ್ತು. ಸದ್ದು ತಡೆಯಲಾರದೆ ರೂಥ್ ಆಂಟಿ ಎರಡೂ ಕಿವಿಯ ಮಷಿನ್ನು ಕಿತ್ತು ಪರ್ಸಿಗೆ ಹಾಕಿಕೊಂಡದ್ದನ್ನು ನಾನು ಕನ್ನಡಿಯಲ್ಲಿ ನೋಡಿದೆ. ಆಮೇಲೆ ಅವರು ಬೆನ್ನು ನೆಟ್ಟಗೆ ಮಾಡಿ, ಮುಂದೆ ನೋಡುತ್ತಾ, ಬಸ್ಸಿಗೆ ಕಾಯುವವರಂತೆ ಕೂತರು.

ಅದೇ ಕನ್ನಡಿಯಲ್ಲಿ, ಅವರ ಭುಜದಾಚೆ, ಕಾರ್ ವಾಶಿನ ಚಾವಣಿಯಿಂದ ಒಂದು ತಗಡಿನ ಶೀಟು ಕಿತ್ತೆದ್ದು ತಿರುಗುತ್ತಾ ಬರುವುದು ಕಾಣಿಸಿತು. ನಾನು ಕೂಗಿದೆ. ‘ಬಗ್ಗಿ ಆಂಟೀ, ಬಗ್ಗಿ!’ ಎಂದು ಕೂಗಿದೆ ಎಂದೇ ನನ್ನ ನೆನಪು. ಗಾಬರಿಯಲ್ಲಿ ನನಗೆ ಇಂಗ್ಲಿಷು ಬರುವುದಿಲ್ಲ.

ಕಿವಿಯಲ್ಲಿ ಮಷಿನ್ನಿಲ್ಲದ ಆ ಹೆಂಗಸು ಎರಡೂ ಕೈಗಳನ್ನು ಕತ್ತಿನ ಹಿಂದೆ ಹೆಣೆದು, ಹಣೆಯನ್ನು ಮೊಣಕಾಲಿಗೆ ಒತ್ತಿ, ಚಾಕು ಮಡಚಿದಂತೆ ಮಡಚಿಕೊಂಡರು. ಶೀಟು ಒಡೆದ ಹಿಂದಿನ ಗಾಜಿನ ಕಡೆಯಿಂದ ನುಗ್ಗಿ ಅವರ ತಲೆಯಿದ್ದ ಜಾಗದಲ್ಲಿ ಸೀಟಿನ ದಿಂಬನ್ನು ಸೀಳಿ ನಿಂತಿತು. ಅದರ ಇನ್ನೊಂದು ತುದಿ ನನ್ನ ಕಿವಿಯ ಹಾಲೆಯನ್ನು ಹರಿಯಿತು.

ಸದ್ದು ನಿಂತಾಗ ಆಂಟಿ ತಲೆಯೆತ್ತಿದರು. ಕೂದಲ ತುಂಬ ಗಾಜು. ಶೀಟಿನ ಕಡೆ ನೋಡಲೇ ಇಲ್ಲ. ಪರ್ಸಿನಿಂದ ಮಷಿನ್ನು ತೆಗೆದು ಕಿವಿಗೆ ಹಾಕಿಕೊಂಡು, ನನ್ನನ್ನೇ ನೋಡುತ್ತಾ ಕೇಳಿದರು: “ಅದನ್ನ ಎಲ್ಲಿ ಕಲಿತೆ?”

“ಯಾವುದನ್ನ ಆಂಟಿ?”

“ಇನ್ನೊಂದ್ಸಲ ಹೇಳು.”

“ಬಗ್ಗಿ ಅಂದೆ. ನಮ್ಮ ಭಾಷೇಲಿ.”

“ಇದಲ್ಲ,” ಎಂದರು. “ತಮಾಷೆ ಮಾಡ್ಬೇಡ, ಒರಿಜಿನಲ್. ಹೇಳು.”

ಎಮರ್ಜೆನ್ಸಿಯಲ್ಲಿ ನನ್ನ ಕಿವಿಗೆ ಹೊಲಿಗೆ ಹಾಕುತ್ತಿದ್ದಾಗ ಅವರು ಪಕ್ಕದ ಕುರ್ಚಿಯಲ್ಲಿ ಕೂತು ಹೇಳಿದ್ದು ಇದು. ಸರ್ಕಾರ ಅವರನ್ನೂ ಅವರ ಅಣ್ಣನನ್ನೂ ಚಿಕ್ಕಂದಿನಲ್ಲೇ ದೂರದ ವಸತಿಶಾಲೆಗೆ ಹಾಕಿತ್ತು. ಸ್ವಂತ ಭಾಷೆ ಆಡಿದರೆ ಬೆಲ್ಟಿನ ಏಟು. ಮುಖ, ಕಣ್ಣು ಎಂದು ನೋಡದೆ ಬೀಸುತ್ತಿದ್ದರಂತೆ. ಬೆಲ್ಟು ಮೇಲೆದ್ದಾಗ ಅಣ್ಣ ಕೋಣೆಯ ಇನ್ನೊಂದು ತುದಿಯಿಂದ ತಂಗಿಯನ್ನು ಒಂದು ಹೆಸರಿನಿಂದ ಕೂಗುತ್ತಿದ್ದ. ಅವನೇ ಕಟ್ಟಿದ, ಮನೆಯವರಿಗೂ ಗೊತ್ತಿಲ್ಲದ ಹೆಸರು. ಅದು ಕೇಳಿದ ಕೂಡಲೇ ಇವರು ಕೈ ಹೆಣೆದು ಮಡಚಿಕೊಳ್ಳಬೇಕು. ಏಟು ಬೆನ್ನಿಗೆ ಬೀಳುತ್ತಿತ್ತು, ಕಣ್ಣು ಉಳಿಯುತ್ತಿತ್ತು. ಆ ಭಾಷೆಯಲ್ಲಿ ಕೂಗಿದ್ದಕ್ಕೆ ಆಮೇಲೆ ಅವನಿಗೆ ಹೊಡೆಯುತ್ತಿದ್ದರು. ಒಂದು ಚಳಿಗಾಲ ಹಾಗೆ ಹೊಡೆದ ಮೇಲೆ ಅವನನ್ನು ಎತ್ತಿಕೊಂಡು ಹೋದರು. ಅವನು ವಾಪಸು ಬರಲಿಲ್ಲ.

“ಆ ಹೆಸರು ಏನು ಆಂಟಿ?” ಎಂದೆ.

“ನಾನು ಹೇಳಿಕೊಟ್ಟರೆ ಅದು ನನ್ನ ದನಿ ಆಗತ್ತೆ. ನನಗೆ ಬೇಕಿರೋದು ಅವನದು. ಅವನ ದನಿ ಹೇಗಿತ್ತು ಅನ್ನೋದೇ ಮರೆತುಹೋಗಿತ್ತು ಕಣೋ ನನಗೆ.”

ಲೀ ಅಂಕಲ್ ಹಣೆಗೆ ಪಟ್ಟಿ ಕಟ್ಟಿಸಿಕೊಂಡು ಬಂದು, “ನೀನು ಕೂಗಿದ್ದು ಇಂಗ್ಲಿಷಲ್ಲ. ನನ್ನ ಭಾಷೆನೂ ಅಲ್ಲ. ಅದಕ್ಕಿಂತ ಹೆಚ್ಚು ಗೊತ್ತಿಲ್ಲ,” ಎಂದರು. ಆಮೇಲೆ ಆಂಟಿಗೆ, “ಬಿಂಗೋದಲ್ಲಿ ಮಾತ್ರ ನಿನಗೆ ಏನೂ ಕೇಳಿಸಲ್ಲ,” ಎಂದರು. ಆಂಟಿ ನಗಲಿಲ್ಲ.

ಇದಕ್ಕೆಲ್ಲ ನನ್ನಲ್ಲಿ ವಿವರಣೆಗಳಿದ್ದವು. ಕನ್ನಡಿಯಲ್ಲಿ ನನ್ನ ಮುಖ ನೋಡಿಯೇ ಅವರು ಬಗ್ಗಿರಬಹುದು. ಸಾವಿನ ಅಂಚಿನಲ್ಲಿ ಹಳೆಯ ನೆನಪು ಕಿವಿಯೊಳಗೆ ಕೂಗಿರಬಹುದು. ಇವುಗಳನ್ನು ಹಿಡಿದುಕೊಂಡೇ ನಾನು ಮನೆಗೆ ಬಂದೆ. ಅಪಘಾತದ ವಿಚಾರಣೆಗೆಂದು ಡೆನಿಸ್ ಕ್ಯಾಮೆರಾದ ವಿಡಿಯೋ ತುಣುಕನ್ನು ನನ್ನ ಫೋನಿಗೆ ಕಳಿಸಿದ್ದಳು. ಸದ್ದು ಬರಲಿಲ್ಲ, ಫೋನಿನದೇ ತೊಂದರೆ ಎಂದುಕೊಂಡೆ. ಶೈಲಾ ಭಾನುವಾರಗಳಂದು ಮಕ್ಕಳಿಗೆ ಕನ್ನಡ ವರ್ಣಮಾಲೆ ಕಲಿಸುವವಳು. ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು. ಶೀಟು ಒಳಗೆ ನುಗ್ಗಿದಾಗ ಕಣ್ಣು ಮುಚ್ಚಿಕೊಂಡು ನನ್ನ ತೋಳು ಹಿಡಿದಳು. ಆಮೇಲೆ, “ಇನ್ನೊಂದ್ಸಲ ಹಾಕಿ. ನಿಧಾನಕ್ಕೆ,” ಎಂದಳು. ನೋಡಿದಳು.

“ನೀವು ಏನಂತ ಕೂಗಿದ್ದು ಅಂದ್ರಿ?”

“ಬಗ್ಗಿ ಅಂತ.”

“ಇಲ್ಲ ಕಣ್ರೀ. ತುಟಿ ಸೇರ್ತಾನೇ ಇಲ್ಲ.”

ಪ ಫ ಬ ಭ ಮ ಹೇಳುವಾಗ ತುಟಿಗೆ ತುಟಿ ತಾಗಲೇಬೇಕು. ಅವಳು ಮಕ್ಕಳ ಬಾಯಿಗೆ ಬೆರಳಿಟ್ಟು ಕಲಿಸುವುದು ಅದನ್ನೇ. ವಿಡಿಯೋದಲ್ಲಿ ನನ್ನ ಬಾಯಿ ಸ್ಪಷ್ಟವಾಗಿ ಕಾಣುತ್ತದೆ. ಕೂಗು ಶುರುವಾಗಿ ಮುಗಿಯುವ ತನಕ ತುಟಿಗಳು ಒಮ್ಮೆಯೂ ಸೇರುವುದಿಲ್ಲ. ಹಿಂದಿನ ಸೀಟಿನಲ್ಲಿ ರೂಥ್ ಆಂಟಿ ಆಗ ಪಕ್ಕದ ಕಿಟಕಿಯ ಕಡೆ ಮುಖ ತಿರುಗಿಸಿದ್ದಾರೆ, ಕನ್ನಡಿಯ ಕಡೆಗಲ್ಲ. ಕೂಗಿನ ನಡುವೆಯೇ ಮಡಚಿಕೊಳ್ಳುತ್ತಾರೆ.

ಆ ಬಾಯಿ ನನ್ನದೇ. ಹಲ್ಲಿನ ಸಂದು, ಮೀಸೆ, ಎಲ್ಲ ನನ್ನದೇ. ಅದು ಏನು ಹೇಳುತ್ತಿತ್ತೋ ನನಗೆ ಇಂದಿಗೂ ಗೊತ್ತಿಲ್ಲ. ಎಷ್ಟೋ ಬೆಳಗ್ಗೆ ಬಚ್ಚಲಿನ ಕನ್ನಡಿಯ ಮುಂದೆ ನಿಂತು ತುಟಿ ಸೇರಿಸದೆ ಏನೇನೋ ಕೂಗಿ ನೋಡಿದ್ದೇನೆ. ಮಗಳು ಬಾಗಿಲು ಬಡಿದು, ಆರ್ ಯೂ ಓಕೆ ಎನ್ನುತ್ತಾಳೆ.

ಕಿವಿಯ ಗಾಯ ಮಾಯುವ ಮೊದಲೇ ರೂಥ್ ಆಂಟಿ ಡೆನಿಸಳ ಆಫೀಸಿಗೆ ಬಂದು ಕೂತರು. ನನ್ನನ್ನೂ ಕರೆಸಿದರು. ಎರಡೂ ಮಷಿನ್ನಿಗೆ ಹೊಸ ಬ್ಯಾಟರಿ ಹಾಕಿಸಿಕೊಂಡಿದ್ದರು. ಕೂದಲು ಬಾಚಿ, ಒಳ್ಳೆಯ ಕೋಟು ತೊಟ್ಟಿದ್ದರು. “ನನಗೆ ನೋಡೋದು ಬೇಡ, ಕೇಳಿಸಿದರೆ ಸಾಕು,” ಎಂದು ಕಂಪ್ಯೂಟರಿನ ಹತ್ತಿರ ಕಿವಿ ತಂದು ಕಣ್ಣು ಮುಚ್ಚಿದರು. ಡೆನಿಸ್ ವಿಡಿಯೋ ಹಾಕಿದಳು. ಸದ್ದು ಏರಿಸಿದಳು, ಇನ್ನೂ ಏರಿಸಿದಳು. ಪರದೆಯ ಮೇಲೆ ನಾನು ಬಾಯಿ ತೆರೆದೆ. ಆಂಟಿ ಕಣ್ಣು ಮುಚ್ಚಿಕೊಂಡು ಕಾಯುತ್ತಲೇ ಇದ್ದರು.

ಅಷ್ಟೆಲ್ಲ ಅನಾಹುತಗಳನ್ನು ಊಹಿಸಿದ್ದ ನಾನು, ಆ ಮಧ್ಯಾಹ್ನ ನಿಜವಾಗಿ ಕೈಹಾಕಿ ತಡೆದದ್ದು ಒಂದನ್ನೇ. ನನ್ನ ಗೊಣಗಾಟ ಯಾರಿಗೂ ಕೇಳದಿರಲೆಂದು, ಹೊರಡುವ ಮೊದಲು, ಕ್ಯಾಮೆರಾದ ಮೈಕನ್ನು ಆಫ್ ಮಾಡಿದ್ದೆ.