ಬ್ರೌಸರ್ ತಿದ್ದಿದ ಅಮ್ಮ

ತಿ. ನರಸೀಪುರದಲ್ಲಿರುವ ನನ್ನ ತಂಗಿಯ ಮೊಮ್ಮಗಳು ಶಾರ್ಟ್ ಫಿಲ್ಮ್ ಮಾಡುತ್ತಾಳೆ. ಹೋದ ವರ್ಷ ನನ್ನಿಂದ ಒಂದು ಸ್ಕ್ರಿಪ್ಟ್ ಬರೆಸಲು ಲ್ಯಾಪ್‌ಟಾಪ್ ಸಮೇತ ಬಂದಳು. "ಸಿನಿಮಾಕ್ಕೆ ಬರೆಯೋರಿಗೆ ಇವೆಲ್ಲ ಬೇಕೇ ಬೇಕು ಅಜ್ಜಿ" ಎನ್ನುತ್ತ ಬ್ರೌಸರಿಗೆ ಒಂದಿಷ್ಟು ಎಕ್ಸ್‌ಟೆನ್ಷನ್ ಹಾಕಿಕೊಟ್ಟಳು. ಕಂಡ ಚಿತ್ರಗಳನ್ನು ಒಂದೆಡೆ ಕೂಡಿಡುವಂಥದ್ದೊಂದು ನನಗೆ ತುಂಬ ಹಿಡಿಸಿತು. ಹಿತ್ತಾಳೆ ಹಂಡೆ, ಇದ್ದಿಲ ಇಸ್ತ್ರಿಪೆಟ್ಟಿಗೆ ಎಲ್ಲ ಹುಡುಕಿಟ್ಟೆ. ಬರೆದದ್ದನ್ನು ಗಟ್ಟಿಯಾಗಿ ಓದುವುದೂ ಒಂದಿತ್ತು, ಪೊರೆ ಬಂದ ಕಣ್ಣಿಗೆ ಅದು ಬ್ಲೆಸ್ಸಿಂಗೇ. ಆದರೆ ಡೈಲಾಗ್ ತಿದ್ದಿ ಸಜೆಷನ್ ಕೊಡುವ ಮತ್ತೊಂದನ್ನು ನೆನೆದರೆ ಈಗಲೂ ಬಾಯೆಲ್ಲ ಕಹಿಯಾಗುತ್ತದೆ.

ಬರೆಯಬೇಕಿದ್ದದ್ದು ನಂಜನಗೂಡಿನ ನಮ್ಮ ಮನೆಯ ಕಥೆಯನ್ನೇ. ಹೆಮ್ಮರಗಾಲದ ಹೆಂಗಸೊಬ್ಬಳು ಕೆಲಸಕ್ಕೆ ಬರುತ್ತಿದ್ದಳು. ಆಕೆಯ ಕಾಫಿಗೆ ಹಿತ್ತಲ ಗೂಡಿನಲ್ಲಿ ಬೇರೆ ಲೋಟ. ಮನೆಯವರಾದ ನಾವೂ ಲೋಟ ಎತ್ತಿಯೇ ಕುಡಿಯಬೇಕು, ಕಚ್ಚಿ ಕುಡಿದರೆ ಎಂಜಲು. ಒಂದು ಸಂಜೆ ಆಕೆಯ ಪುಟ್ಟ ಮಗಳು ಜ್ವರದಲ್ಲಿ ನೀರು ಕೇಳಿತು. ಮೈಸೂರಿನ ಕಾನ್ವೆಂಟಿನಿಂದ ಆಗ ತಾನೇ ರೈಲಿಳಿದು ಬಂದಿದ್ದ ನಾನು ಒಳಗಿನ ಹೊಸ ಸ್ಟೀಲ್ ಲೋಟದಲ್ಲಿ ಕೊಟ್ಟೆ. ಮಗು ಕಚ್ಚಿಯೇ ಕುಡಿಯಿತು. ಆಕೆ ಲೋಟ ತೊಳೆದು ತಂದಾಗ ಅಮ್ಮ ಹೊಸ್ತಿಲಲ್ಲೇ ತಡೆದರು. "ಒಳಗೆ ತರಬೇಡ, ನೀನೇ ಇಟ್ಕೋ. ನಿನ್ನ ಮಗು ಬಾಯಿಟ್ಟದ್ದು ಬೆಂಕಿಗೆ ಹಾಕಿದರೂ ಹೋಗಲ್ಲ" ಅಂದರು.

ಈಗ ಹಣ್ಣುಮುದುಕಿಯಾಗಿರುವ ಆಕೆ ಈ ಕಥೆ ಸಿನಿಮಾ ಆಗಲು ಒಪ್ಪಿದ್ದು ಒಂದೇ ಕಂಡೀಷನ್ ಮೇಲೆ. "ನನ್ ಮಗ್ಳು ಆ ಲೋಟ ನಿಮ್ಮವ್ವಾರು ಪ್ರೀತಿಯಿಂದ ಕೊಟ್ಟಿದ್ದು ಅಂತ್ಲೇ ಅನ್ಕಂಡವ್ಳೆ. ನನ್ ಬಾಯಲ್ಲಿ ಯೋಳಾಕೆ ಆಗ್ನಿಲ್ಲ. ನಾನ್ ಕಣ್ಮುಚ್ಚೋದ್ರೊಳ್ಗೆ ದಿಟ ಗೊತ್ತಾಗ್ಲಿ, ಇದ್ದಂಗೇ ಬರೀರಿ ಅಮ್ಮಾರೆ."

ಇದ್ದ ಹಾಗೇ ಬರೆದೆ. ಅಮ್ಮನ ಮಾತಿನ ಕೆಳಗೆ ಕೆಂಪು ಗೆರೆ ಮೂಡಿತು. ಪಕ್ಕದಲ್ಲೊಂದು ಬಾಕ್ಸು: ಈ ಪಾತ್ರ ಪ್ರೇಕ್ಷಕರ ಸಿಂಪತಿ ಕಳೆದುಕೊಳ್ಳಬಹುದು, ಹೀಗೆ ಬರೆದರೆ ಹೇಗೆ? "ತಗೊಳ್ಳಮ್ಮ, ಮಗೂಗೆ ಅಂತಲೇ ಕೊಡ್ತಿದೀನಿ." ಕಾನ್ವೆಂಟಿನ ಸಿಸ್ಟರ್‌ಗಳು ಕೆಂಪು ಗೆರೆ ಎಳೆದ ಮೇಲೆ ಎದುರಾಡಿದವಳಲ್ಲ ನಾನು. ಆಕ್ಸೆಪ್ಟ್ ಒತ್ತಿದೆ. ಒತ್ತಿದ ಮೇಲೆ ಎದೆ ಹಗುರಾಯಿತು ಎನ್ನುವುದನ್ನು ಯಾರಿಗೂ ಹೇಳಲಿಲ್ಲ.

ಓದಿ ತೋರಿಸಲು ಹೆಮ್ಮರಗಾಲಕ್ಕೆ ಹೋದೆವು. ಜಗುಲಿಯ ಮೇಲೆ ಆಕೆ, ಪಕ್ಕದಲ್ಲಿ ಅಂಗನವಾಡಿ ಟೀಚರಾಗಿ ರಿಟೈರಾದ ಆ ಮಗಳು. ಲ್ಯಾಪ್‌ಟಾಪ್ ಓದಿತು, ಬಸ್‌ಸ್ಟ್ಯಾಂಡಿನ ಅನೌನ್ಸ್‌ಮೆಂಟಿನ ಹಾಗೆ. ಅಮ್ಮನ ಮಾತು ಬಂತು. ಮಗಳು ನಸುನಕ್ಕಳು.

ಆಕೆ ನಗಲಿಲ್ಲ. "ಲೋಟ ಕೊಟ್ಟಿದ್ದು ದಿಟ. ಇಂಗ್ ಯಾವಾಗಂದ್ರು? ನಾನೂ ಅಲ್ಲೇ ಇದ್ನಲ್ಲ ಅಮ್ಮಾರೆ, ನಂಗೆ ಕೇಳುಸ್ಲೇ ಇಲ್ಲ."

"ಅದು ಎಕ್ಸ್‌ಟೆನ್ಷನ್ ಮಾಡಿದ್ದು" ಎಂದೆ.

"ಅದು ಸಜೆಸ್ಟ್ ಮಾಡುತ್ತೆ ಅಷ್ಟೇ ಅಜ್ಜಿ. ಆಕ್ಸೆಪ್ಟ್ ಒತ್ತಿದ್ದು ಯಾರು?" ಎಂದಳು ಮೊಮ್ಮಗಳು.

"ನಿಮ್ ಮಿಸೀನೂ ನಿಮ್ಮವ್ವಾರ್ ಕಡೇದೇ ಬುಡಿ" ಎಂದು ಆಕೆ ಎಲೆಯಡಿಕೆ ಚೀಲ ಬಿಚ್ಚಿಕೊಂಡಳು.

ಅಸಹ್ಯವಾಯಿತು. ಕಸದ ಗುಂಡಿಗೆ ಮಲ್ಲಿಗೆ ಹೂ ಮುಚ್ಚುವ ಆ ಸಾಫ್ಟ್‌ವೇರಿನ ಮೇಲೆ ಅಸಹ್ಯ, ಎಲ್ಲರ ಅಮ್ಮಂದಿರನ್ನೂ ಒಂದೇ ಪಾಕದಲ್ಲಿ ಅದ್ದಿ ತೆಗೆಯುವ ಅದರ ನೈಸ್‌ನೆಸ್ಸಿನ ಮೇಲೆ ಅಸಹ್ಯ. ಅದಕ್ಕಿಂತ ಹೆಚ್ಚು ನನ್ನ ಬೆರಳಿನ ಮೇಲೆ. ಆ ಯಂತ್ರಕ್ಕೆ ನಮ್ಮಮ್ಮ ಯಾರೋ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಮೊಮ್ಮಗಳು ಹಳೆಯ ವರ್ಷನ್ ತೆಗೆದು ಸ್ಕ್ರೀನನ್ನು ನನ್ನತ್ತ ತಿರುಗಿಸಿದಳು. "ಮಿಸೀನು ಬ್ಯಾಡ, ನೀವೇ ಓದಿ" ಅಂದಳು ಆಕೆ. ಓದಿದೆ. ಅಮ್ಮನ ಮಾತು ನನ್ನ ಬಾಯಲ್ಲಿ, ಅಮ್ಮನದೇ ಗಂಟಲಲ್ಲಿ ಬಂದಂತೆ ಬಂತು. ಬೆಂಕಿಗೆ ಹಾಕಿದರೂ ಹೋಗಲ್ಲ ಎನ್ನುವವರೆಗೂ ಓದಿ ಮುಗಿಸಿದೆ.

"ಊಂ. ಇಂಗೇ ಅಂದಿದ್ದು" ಎಂದಳು ಆಕೆ.

ಮಗಳು ಲ್ಯಾಪ್‌ಟಾಪನ್ನು ತನ್ನತ್ತ ಎಳೆದುಕೊಂಡು ಕೊನೆಯವರೆಗೂ ಓದಿದಳು. ಆಮೇಲೆ ನನ್ನನ್ನು ಕೇಳಿದಳು: "ನೀರ್ ಕೊಟ್ಟ ಹುಡುಗಿ ಆಮೇಲೆ ಸ್ಕ್ರಿಪ್ಟಲ್ಲಿ ಬರೋದೇ ಇಲ್ವಲ್ಲ. ಆವಾಗ ನೀವೆಲ್ಲಿದ್ರಿ ಅಮ್ಮಾರೆ?"

"ಬಾಗಿಲ ಹಿಂದೆ ನಿಂತಿದ್ದೆ."

"ಏನಂದ್ರಿ?"

"ಏನೂ ಅನ್ನಲಿಲ್ಲ."

"ಅದ್ನೂ ಹಾಕಿ" ಅಂದಳು.